ತಿರುವಿನಲ್ಲಿ ಮಾತಾಡುವ ಗಾಲಿ

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಸವದತ್ತಿಯ ಯಲ್ಲಮ್ಮನ ಗುಡ್ಡದತ್ತ ಹೊರಡುವ ಚಕ್ಕಡಿಗಳ ಸಾಲನ್ನು ನೋಡದವರು ಈ ಸೀಮೆಯಲ್ಲಿ ವಿರಳ. ಈಗ ಆ ಸಾಲಿನ ಪಕ್ಕದಲ್ಲೇ ಮೋಟಾರ್ ಸೈಕಲ್ಲುಗಳ ಸಾಲೂ ಇರುತ್ತದೆ. ಅವುಗಳ ಸವಾರರಲ್ಲಿ ಕೆಲವರಿಗೆ ಒಂದು ವಿಚಿತ್ರ ಅನುಭವ. ನೆಟ್ಟನೆಯ ರಸ್ತೆಯಲ್ಲಿ ಸುಮ್ಮನೆ ಓಡಿದ ಬೈಕು, ಗುಡ್ಡದ ತಿರುವಿನಲ್ಲಿ ವಾಲಿದೊಡನೆ ‘ಗುಂಯ್’ ಎನ್ನುತ್ತದೆ, ಹ್ಯಾಂಡಲ್ ನಡುಗುತ್ತದೆ. ತಿರುವು ದಾಟಿದರೆ ಎಲ್ಲವೂ ಮೊದಲಿನಂತೆ. ರಸ್ತೆಯನ್ನು ಬೈದು ಮುಂದೆ ಹೋಗುವವರೇ ಹೆಚ್ಚು. ಆದರೆ ಚಕ್ಕಡಿ ಹೊಡೆಯುವವರು ಗಾಲಿಯ ಸದ್ದನ್ನು ಹಾಗೆ ಅಲಕ್ಷಿಸಿದವರಲ್ಲ.

ಕಬ್ಬಿಣದ ಪಟ್ಟಿಯ ಕಾಲ

ಚಕ್ಕಡಿಯ ಕಟ್ಟಿಗೆ ಗಾಲಿಗೆ ಕಬ್ಬಿಣದ ಪಟ್ಟಿ ತೊಡಿಸುವುದು ಬಡಿಗ, ಕಂಬಾರರಿಬ್ಬರ ಜಾಣ್ಮೆ. ಪಟ್ಟಿಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಗಾಲಿಯ ಮೇಲೆ ಕೂಡಿಸಿ ನೀರು ಹೊಯ್ದರೆ ಅದು ಕುಗ್ಗಿ ಬಿಗಿಯಾಗುತ್ತದೆ. ಬೇಸಿಗೆಯಲ್ಲಿ ಕಟ್ಟಿಗೆ ಒಣಗಿದಾಗ ಪಟ್ಟಿ ಸಡಿಲಾಗಿ ಲಟಲಟ ಎನ್ನುತ್ತದೆ. ‘ಕಿರ್’ ಎಂದರೆ ಕೀಲೆಣ್ಣೆ ಆರಿದೆ ಎಂದರ್ಥ. ಸದ್ದು ಕೇಳಿಯೇ ಮದ್ದು ಹುಡುಕುವ ವಿದ್ಯೆ ಅದು.

ಮೊದಲ ಮೋಟಾರ್ ಸೈಕಲ್ಲಿನ ಗಾಲಿಗಳೂ ಚಕ್ಕಡಿಯ ಜಾತಿಯವೇ ಆಗಿದ್ದವೆಂಬುದು ಸ್ವಾರಸ್ಯದ ಸಂಗತಿ. 1885ರಲ್ಲಿ ಜರ್ಮನಿಯ ಗಾಟ್‌ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೇಬ್ಯಾಕ್ ತಯಾರಿಸಿದ ಬಂಡಿಗೆ ಕಟ್ಟಿಗೆ ಗಾಲಿ, ಅದಕ್ಕೆ ಕಬ್ಬಿಣದ ಪಟ್ಟಿ. ಬೀಳದಿರಲೆಂದು ಎರಡೂ ಪಕ್ಕಕ್ಕೆ ಊರುಗೋಲಿನಂತೆ ಎರಡು ಪುಟ್ಟ ಗಾಲಿಗಳಿದ್ದವು. ಹೀಗಾಗಿ ಅದು ಇಂದಿನ ಬೈಕಿನಂತೆ ವಾಲಿ ತಿರುಗುವ ವಾಹನವಾಗಿರಲಿಲ್ಲ.

ಗಾಳಿ ತುಂಬಿದ ಮೇಲೆ

ಗಾಳಿ ತುಂಬಿದ ಟೈರಿಗೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದ. ಅದು ಬಳಕೆಗೆ ಬರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅಂಥದನ್ನೇ ಹೊಸದಾಗಿ ರೂಪಿಸಿದ ಮೇಲೆ ಜಗತ್ತಿನ ಗಾಲಿಗಳು ಮೆತ್ತಗಾದವು. 1894ರಲ್ಲಿ ಮ್ಯೂನಿಕ್‌ನಲ್ಲಿ ಮಾರಾಟಕ್ಕೆ ಬಂದ ಹಿಲ್ಡೆಬ್ರಾಂಡ್ ಮತ್ತು ವೂಲ್ಫ್‌ಮ್ಯುಲರ್ ಮೋಟಾರ್ ಸೈಕಲ್ಲಿಗೆ ಗಾಳಿ ಟೈರುಗಳೇ ಇದ್ದವು.

ಕರ್ನಾಟಕದಲ್ಲಿ ಮೋಟಾರ್ ಸೈಕಲ್ ಎಂದೊಡನೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ನೆನಪಾಗುತ್ತದೆ. 1961ರಲ್ಲಿ ಉತ್ಪಾದನೆ ಆರಂಭಿಸಿ, ಮುಂದೆ ಯೆಜ್ಡಿ ಹೆಸರಿನಲ್ಲಿ ಮನೆಮಾತಾಗಿ, 1996ರಲ್ಲಿ ಬಾಗಿಲು ಮುಚ್ಚಿದ ಕಾರ್ಖಾನೆ ಅದು. ಆ ಬೈಕುಗಳ ಎಂಜಿನ್ನಿನ ಅಬ್ಬರದಲ್ಲಿ ಟೈರಿನ ಸಣ್ಣ ದನಿ ಅಡಗಿಹೋಗುತ್ತಿದ್ದುದು ಸಹಜ. ಇಂದಿನ ಎಂಜಿನ್ನುಗಳು ಮೆಲುದನಿಯವು. ಟೈರು ಏನನ್ನಾದರೂ ಹೇಳಿದರೆ ಕೇಳಿಸುತ್ತದೆ.

ಸವೆತದ ಗುಟ್ಟು

ಟೈರು ಹೇಳುವುದಾದರೂ ಏನು? ಕಾರಿನ ಟೈರು ಅಗಲಕ್ಕೆ ಚಪ್ಪಟೆ, ಬೈಕಿನದು ದುಂಡಗೆ. ನೇರ ಓಡುವಾಗ ಅದರ ನಡುಭಾಗ ನೆಲ ಮುಟ್ಟಿದರೆ, ವಾಲಿದಾಗ ಅಂಚು ಮುಟ್ಟುತ್ತದೆ. ಕಿತ್ತೂರಿನಿಂದ ಧಾರವಾಡಕ್ಕೆ ಹೆದ್ದಾರಿಯಲ್ಲಿ ಸುಮಾರು 30 ಕಿ.ಮೀ. ದಿನಾ ಓಡಾಡುವವರ ಟೈರು ನಡುವೆಯೇ ಸವೆದು ಚಪ್ಪಟೆಯಾಗುತ್ತದೆ. ಸವೆದ ಭಾಗಕ್ಕೂ ಸವೆಯದ ಅಂಚಿಗೂ ನಡುವೆ ಒಂದು ಏಣು ಮೂಡುತ್ತದೆ. ತಿರುವಿನಲ್ಲಿ ಬೈಕು ಆ ಏಣನ್ನು ಹತ್ತಿ ಇಳಿಯಬೇಕು. ವರ್ಷವಿಡೀ ಗೊತ್ತಾಗದ ದೋಷ ಗುಡ್ಡದಲ್ಲಿ ಬಯಲಾಗುವುದು ಹೀಗೆ.

ಇನ್ನೊಂದು ಬಗೆ ಉಬ್ಬುತಗ್ಗಿನ ಸವೆತ. ಗಾಳಿ ಕಡಿಮೆಯಿದ್ದು ಓಡಿಸಿದರೆ, ಶಾಕ್ ಅಬ್ಸಾರ್ಬರ್ ಸೋತಿದ್ದರೆ, ಗಾಲಿಯ ಸಮತೋಲ ತಪ್ಪಿದ್ದರೆ ಟೈರಿನ ಅಂಚಿನ ಗಟ್ಟಿಗಳು ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ ಸವೆಯುತ್ತವೆ. ವಾಲಿದಾಗ ಅವು ಒಂದೊಂದಾಗಿ ನೆಲಕ್ಕೆ ಬಡಿದು ಗುಂಯ್‌ಗುಡುತ್ತವೆ.

ಪತ್ತೆ ಹಚ್ಚುವ ಕ್ರಮ

ಮೊದಲು ಬೇರೊಂದು ರಸ್ತೆಯ ತಿರುವಿನಲ್ಲಿ ನಿಧಾನವಾಗಿ ಓಡಿಸಿ ನೋಡಬೇಕು. ಅಲ್ಲಿ ಸದ್ದು ನಿಂತರೆ ದೋಷ ಡಾಂಬರಿನದು. ನಿಲ್ಲದಿದ್ದರೆ, ಹ್ಯಾಂಡಲ್ ನಡುಗಿದರೆ ಮುಂದಿನ ಗಾಲಿ, ಸೀಟು ನಡುಗಿದರೆ ಹಿಂದಿನ ಗಾಲಿಯ ಮೇಲೆ ಅನುಮಾನಪಡಬಹುದು. ಟೈರು ತಣ್ಣಗಿರುವಾಗ ಗಾಳಿಯ ಒತ್ತಡ ನೋಡಬೇಕು. ನಿಂತ ಗಾಲಿಯ ಅಂಚಿನ ಮೇಲೆ ಅಂಗೈ ಆಡಿಸಿದರೆ ಉಬ್ಬುತಗ್ಗು ತಾನೇ ತಿಳಿಯುತ್ತದೆ. ನಡುವಿನ ಸ್ಟ್ಯಾಂಡ್ ಹಾಕಿ, ಎತ್ತಿದ ಗಾಲಿಯನ್ನು ಎರಡೂ ಕೈಗಳಿಂದ ಅಡ್ಡಡ್ಡ ಅಲುಗಾಡಿಸಿದಾಗ ಲಟಕ್ ಎಂದರೆ ಬೇರಿಂಗ್ ನೋಡಿಸಬೇಕು. ಕಡ್ಡಿಗಳಿರುವ ಗಾಲಿಯಾದರೆ ಒಂದೊಂದನ್ನೂ ಪಾನಾದಿಂದ ಮೆಲ್ಲಗೆ ತಟ್ಟಬೇಕು. ಬಿಗಿಯಾದದ್ದು ಟಣ್ ಎನ್ನುತ್ತದೆ, ಸಡಿಲಾದದ್ದು ಮಂಕು. ಚೈನ್ ಬಿಗಿ ಮಾಡುವಾಗ ಎರಡೂ ಬದಿಯ ಗುರುತುಗಳು ಸಮವಿರದಿದ್ದರೆ ಹಿಂದಿನ ಗಾಲಿ ಸೊಟ್ಟಗೆ ಓಡುತ್ತದೆ. ಟೈರಿನ ಪಕ್ಕದಲ್ಲಿ ಬಾಣದ ಗುರುತಿದ್ದರೆ ಅದು ಓಟದ ದಿಕ್ಕಿಗೇ ಇರಬೇಕು.

ಗಾಳಿ ತುಂಬುವುದು, ಕಡ್ಡಿ ಬಿಗಿಯುವುದು ಅಲ್ಪ ಖರ್ಚಿನ ಕೆಲಸ. ಏಣು ಮೂಡಿದ ಟೈರಿಗೆ ಮಾತ್ರ ರಿಪೇರಿ ಇಲ್ಲ, ಬದಲಿಸಲೇಬೇಕು. ಇಲ್ಲಿ ಉಳಿತಾಯ ಸಲ್ಲದು. ತಿರುವಿನಲ್ಲಿ ವಾಲಿದ ಬೈಕನ್ನೂ, ಅದರ ಮೇಲೆ ಕೂತ ಗಂಡ, ಹೆಂಡತಿ, ಮಗುವನ್ನೂ ಹಿಡಿದು ನಿಲ್ಲಿಸುವುದು ನೆಲ ಮುಟ್ಟಿದ ಅಂಗೈಯಗಲದಷ್ಟು ರಬ್ಬರು ಮಾತ್ರ.

ಸಡಿಲ ಪಟ್ಟಿಯ ಸದ್ದು ಕೇಳಿದ ಚಕ್ಕಡಿಯ ರೈತ ಎತ್ತು ಬಿಚ್ಚಿ ಗಾಲಿ ನೋಡಿದ ಮೇಲೆಯೇ ಮುಂದಿನ ದಾರಿ ಹಿಡಿಯುತ್ತಾನೆ. ಬೈಕಿನ ಸವಾರ ಆತನಿಂದ ಕಲಿಯಬೇಕಾದದ್ದು ಅಷ್ಟೇ.