ಗೋಧಿಯಿಂದ ಹೆಲಿಕಾಪ್ಟರ್‌ವರೆಗೆ

ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ವಿದೇಶಾಂಗ ನೀತಿಯ ಪಾಠದಲ್ಲಿ ಅದರ ಹಿನ್ನೆಲೆಯನ್ನು ನಾನು ಗೋಧಿಯಿಂದಲೇ ಆರಂಭಿಸುತ್ತೇನೆ.

1965–66ರ ಬರಗಾಲದಲ್ಲಿ ಅಮೆರಿಕದ ಪಿ.ಎಲ್. 480 ಗೋಧಿ ದೇಶದ ಹಸಿವು ನೀಗಿತು. ಆದರೆ ಅಧ್ಯಕ್ಷ ಜಾನ್ಸನ್ ಅದನ್ನು ತಿಂಗಳ ಲೆಕ್ಕದಲ್ಲಿ ಬಿಡುತ್ತ, ನಮ್ಮ ಕೃಷಿ ನೀತಿಯ ಮೇಲೂ ವಿಯೆಟ್ನಾಂ ಕುರಿತ ನಿಲುವಿನ ಮೇಲೂ ಒತ್ತಡ ತಂದರು.

1998ರ ಪೋಖ್ರಾನ್ ಪರೀಕ್ಷೆಯ ಬಳಿಕ ಅಮೆರಿಕ ನಿರ್ಬಂಧ ಹೇರಿತು. ಮುಂದೆ ತೇಜಸ್ ಎಂದು ಹೆಸರಾದ ಯುದ್ಧವಿಮಾನಕ್ಕೆ ಸಿಗುತ್ತಿದ್ದ ತಾಂತ್ರಿಕ ನೆರವು ನಿಂತಿತು. ಅಲ್ಲಿದ್ದ ನಮ್ಮ ಎಂಜಿನಿಯರುಗಳು ಮರಳಬೇಕಾಯಿತು. ಉಳಿದ ಕೆಲಸವನ್ನು ಇಲ್ಲೇ ಮುಗಿಸಿ, 2001ರ ಜನವರಿ 4ರಂದು ಬೆಂಗಳೂರಿನಲ್ಲಿ ವಿಮಾನ ಹಾರಿಸಲಾಯಿತು.

ಗುಬ್ಬಿಯ ಹೆಲಿಕಾಪ್ಟರಿನ ಎಂಜಿನ್ ಕೂಡ ಫ್ರೆಂಚ್ ಕಂಪನಿಯೊಂದಿಗೆ ಸೇರಿ ರೂಪಿಸಿದ್ದು. ನೆರವು ಬೇಡವೆಂದಲ್ಲ, ಕೊಟ್ಟವರು ಕೈ ಹಿಂತೆಗೆದ ದಿನವೂ ನಮ್ಮ ಕೆಲಸ ನಡೆಯಬೇಕು. ಆ ಶಕ್ತಿ ಬೆಳೆಯುವುದು ಇಂಥ ಶಾಲೆಗಳಲ್ಲೇ.