ಲಾರಿಯ 'ಪುಸ್ಸ್' ಸದ್ದಿನ ಹಿಂದಿನ ಕತೆ

ಹರಪನಹಳ್ಳಿ ತಾಲ್ಲೂಕಿನ ನಮ್ಮ ಹಲವಾಗಲು ಕಡೆ ಲಾರಿ ಬಂದು ನಿಂತರೆ ಮೊದಲು ಕೇಳೋದು 'ಪುಸ್ಸ್' ಅನ್ನೋ ಸದ್ದು. ಅದು ಟೈರಿನ ಗಾಳಿಯಲ್ಲ, ಬ್ರೇಕಿನದು.

ಇದರ ಮೂಲ ಇರೋದು ರೈಲಿನಲ್ಲಿ. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಪೇಟೆಂಟ್ ಪಡೆದ ಬ್ರೇಕಿನಲ್ಲಿ ಪೈಪಿಗೆ ಗಾಳಿ ಬಿಟ್ಟರೆ ಗಾಲಿ ನಿಲ್ಲುತ್ತಿತ್ತು. ಪೈಪೇ ಒಡೆದರೆ? ಬ್ರೇಕೇ ಇಲ್ಲ! 1872ರಲ್ಲಿ ಆತ ಲೆಕ್ಕವನ್ನೇ ತಿರುಗಿಸಿದ. ಪ್ರತಿ ಬೋಗಿಗೂ ಒಂದು ಗಾಳಿ ಟ್ಯಾಂಕ್. ಪೈಪಿನಲ್ಲಿ ಸದಾ ಒತ್ತಡ ಇರಬೇಕು, ಅದು ಇಳಿದರೆ ಬ್ರೇಕ್ ಹಿಡಿಯಬೇಕು. ನನ್ನ ಕೇಳಿದರೆ ಆತನ ನಿಜವಾದ ಜಾಣತನ ಇದು.

ಈಗಿನ ಭಾರೀ ಲಾರಿಗಳಲ್ಲಿ ಎರಡೂ ಉಪಾಯ ಇವೆ. ಎಂಜಿನ್ನಿನಿಂದ ಓಡುವ ಕಂಪ್ರೆಸರ್ ಟ್ಯಾಂಕಿಗೆ ಗಾಳಿ ತುಂಬುತ್ತೆ. ಪೆಡಲ್ ತುಳಿದರೆ ಆ ಗಾಳಿಯ ಬಲದಿಂದ ಬ್ರೇಕ್ ಶೂಗಳು ಡ್ರಮ್ಮಿಗೆ ಒತ್ತಿಕೊಳ್ಳುತ್ತವೆ; ಕಾಲು ತೆಗೆದಾಗ ಹೊರಬೀಳೋದೇ 'ಪುಸ್ಸ್'. ಹ್ಯಾಂಡ್‌ಬ್ರೇಕಿನದು ಉಲ್ಟಾ. ಅಲ್ಲಿ ಬ್ರೇಕ್ ಹಿಡಿಯೋದು ಸ್ಪ್ರಿಂಗು, ಬಿಡಿಸೋದು ಗಾಳಿ. ಗಾಳಿ ಪೂರ್ತಿ ಸೋರಿದರೆ ಲಾರಿ ಕದಲಲ್ಲ.

ಹಾಗಾದ್ರೆ ಘಾಟಿಯಲ್ಲಿ 'ಬ್ರೇಕ್ ಫೇಲ್' ಆಗೋದು ಯಾಕೆ? 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕುವವರೆಗೂ ಸಂಡೂರು, ಹೊಸಪೇಟೆ ಕಡೆಯ ಅದಿರು ಲಾರಿಗಳು ಅರಬೈಲ್ ಘಾಟಿ ಇಳಿದು ಬೇಲೇಕೇರಿ ಬಂದರಿಗೆ ಹೋಗುತ್ತಿದ್ದವು. ಅಷ್ಟು ಭಾರ ಹೊತ್ತು ಪೆಡಲ್ ಮೇಲೇ ಕಾಲಿಟ್ಟು ಇಳಿದರೆ ಡ್ರಮ್ಮು ಕಾದು ಹಿಗ್ಗುತ್ತೆ, ಶೂಗಳ ಹಿಡಿತ ತಪ್ಪುತ್ತೆ. ಟ್ಯಾಂಕಿನ ತುಂಬ ಗಾಳಿ ಇದ್ದರೂ ಅಷ್ಟೇ... ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡಿದರಂತೂ ಎಂಜಿನ್ನಿನ ತಡೆಯೂ ಇಲ್ಲ. ಪಳಗಿದ ಡ್ರೈವರುಗಳು ಇಳಿಜಾರು ಶುರುವಾಗೋ ಮೊದಲೇ ಸಣ್ಣ ಗೇರಿಗೆ ಹಾಕೋದು ಇದಕ್ಕೇ.