ಕಿತ್ತಳೆ ಬಣ್ಣದ ಮಾಡು

ಹೆಂಡಿರು ಮಕ್ಕಳೊಡನೆ ಮೋಟಾರಿನಲ್ಲಿ ಪರಊರಿಗೆ ಹೊರಟವನಿಗೆ ದಾರಿಯುದ್ದಕ್ಕೂ ಒಂದೇ ಯೋಚನೆ. ಹೊತ್ತಿಗೆ ಸರಿಯಾಗಿ ಊಟ ಸಿಕ್ಕೀತೆ, ಸಿಕ್ಕರೂ ಅದು ಶುಚಿಯಾಗಿದ್ದೀತೆ, ಶುಚಿಯಾಗಿದ್ದರೂ ಕಿಸೆಗೆ ತಾಳೀತೆ? 1920ರ ದಶಕದ ಅಮೆರಿಕದಲ್ಲಿ ಮನೆಮನೆಗೂ ಮೋಟಾರು ಬರತೊಡಗಿದಾಗ ಈ ಯೋಚನೆ ಇಡೀ ದೇಶದ್ದಾಯಿತು. ಅದಕ್ಕೆ ಸಮಾಧಾನ ಹೇಳಿಯೇ ಕೋಟ್ಯಧೀಶನಾದವನು ಹೊವಾರ್ಡ್ ಡಿಯರಿಂಗ್ ಜಾನ್ಸನ್. ಹೆದ್ದಾರಿಯ ತಿರುವಿನಲ್ಲಿ ದೂರದಿಂದಲೇ ಕಾಣುವ ಕಿತ್ತಳೆ ಬಣ್ಣದ ಮಾಡು ಅವನ ಊಟದ ಮನೆಯ ಗುರುತು. ಒಂದು ಕಾಲಕ್ಕೆ ಅಂಥ ಮಾಡುಗಳು ಒಂದು ಸಾವಿರವನ್ನೂ ಮೀರಿದ್ದವು.

ಆರಂಭವೇನೋ ಬಹಳ ಸಣ್ಣದು. ಮೆಸಾಚುಸೆಟ್ಸ್ ಸಂಸ್ಥಾನದಲ್ಲಿ ಬಾಸ್ಟನ್ ನಗರದ ಮಗ್ಗುಲಿಗೆ ಕ್ವಿನ್ಸಿ ಎಂಬ ಊರಿದೆ. ಅದರ ವಾಲಸ್ಟನ್ ಪೇಟೆಯ ಮೂಲೆಯಲ್ಲಿದ್ದ ಔಷಧದ ಅಂಗಡಿಯೊಂದನ್ನು 1925ರಲ್ಲಿ ಜಾನ್ಸನ್ ಸಾಲ ಮಾಡಿ ಕೊಂಡ. ತಂದೆಯ ಸಿಗಾರು ವ್ಯಾಪಾರ ಬಿಟ್ಟುಹೋದ ಹಳೆಯ ಸಾಲವೂ ತಲೆಯ ಮೇಲಿತ್ತು. ಅಮೆರಿಕದ ಔಷಧದ ಅಂಗಡಿಯಲ್ಲಿ ಮದ್ದಿನ ಜೊತೆಗೆ ಪತ್ರಿಕೆ, ಮಿಠಾಯಿ, ಸೋಡಾ, ಐಸ್‌ಕ್ರೀಂ ಎಲ್ಲವೂ ಮಾರಾಟವಾಗುತ್ತಿದ್ದವು. ಹೆಚ್ಚು ಜನ ಮದ್ದಿಗಲ್ಲ, ತಂಪಿಗೆ ಬರುತ್ತಾರೆಂಬುದನ್ನು ಆತ ಬೇಗನೆ ಕಂಡುಕೊಂಡ. ಎಲ್ಲರೂ ಐಸ್‌ಕ್ರೀಮಿನಲ್ಲಿ ಬೆಣ್ಣೆಯಂಶ ಉಳಿಸುವ ದಾರಿ ಹುಡುಕುತ್ತಿದ್ದರೆ, ಇವನು ಅದನ್ನು ಧಾರಾಳವಾಗಿ ಹೆಚ್ಚಿಸಿದ. ಬೇಸಿಗೆಯಲ್ಲಿ ಕಡಲತೀರದ ಕಟ್ಟೆಗಳಲ್ಲಿ ಅದಕ್ಕೆ ಜನ ಮುಗಿಬಿದ್ದರು. ಮುಂದೆ ಇಪ್ಪತ್ತೆಂಟು ಬಗೆಯ ರುಚಿಗಳೆಂಬುದು ಆ ಮನೆಯ ಬಿರುದೇ ಆಯಿತು.

1929ರಲ್ಲಿ ಕ್ವಿನ್ಸಿಯಲ್ಲಿ ಪೂರ್ಣ ಪ್ರಮಾಣದ ಊಟದ ಮನೆ ತೆರೆದಾಗ ಅದೃಷ್ಟ ನಾಟಕದ ವೇಷದಲ್ಲಿ ಬಂತು. ಯೂಜಿನ್ ಓನೀಲ್ ಬರೆದ 'ಸ್ಟ್ರೇಂಜ್ ಇಂಟರ್‌ಲ್ಯೂಡ್' ನಾಟಕವನ್ನು ಅಶ್ಲೀಲವೆಂದು ಬಾಸ್ಟನ್ನಿನ ಮೇಯರರು ನಿಷೇಧಿಸಿದರು. ನಾಟಕದ ಮಂಡಳಿಯವರು ಗಂಟುಮೂಟೆ ಕಟ್ಟಿಕೊಂಡು ಕ್ವಿನ್ಸಿಗೆ ಬಂದರು. ಒಂಬತ್ತು ಅಂಕಗಳ ಆಟ. ನಡುವೆ ಊಟಕ್ಕೆಂದೇ ದೀರ್ಘ ವಿರಾಮ. ನಿಷೇಧವಾದ ನಾಟಕವೆಂದ ಮೇಲೆ ನೋಡಲು ಬರುವವರಿಗೆ ಕೊರತೆಯೆ? ಬಾಸ್ಟನ್ನಿನ ಸಿರಿವಂತರೆಲ್ಲ ವಿರಾಮದಲ್ಲಿ ಹತ್ತಿರವಿದ್ದ ಜಾನ್ಸನ್ನನ ಮನೆಗೆ ನುಗ್ಗಿದರು. ಮೇಯರರ ಕೋಪದಿಂದ ಇಷ್ಟು ಉಪಕಾರ ಪಡೆದ ವ್ಯಾಪಾರಿ ಮತ್ತೊಬ್ಬನಿರಲಾರ.

ಅದೇ ವರ್ಷ ಷೇರುಪೇಟೆ ಕುಸಿಯಿತು. ಮತ್ತೊಂದು ಮನೆ ಕಟ್ಟಲು ಹಣ ಹುಟ್ಟುವಂತಿರಲಿಲ್ಲ. 1935ರಲ್ಲಿ ಜಾನ್ಸನ್ ಹೂಡಿದ ಉಪಾಯವೇ ಈ ಕಥೆಯ ತಿರುಳು. ಕೇಪ್ ಕಾಡ್ ಕರಾವಳಿಯ ಆರ್ಲೀನ್ಸ್ ಊರಿನಲ್ಲಿ ಪರಿಚಯಸ್ಥನೊಬ್ಬನಿಗೆ ಜಾಗವಿತ್ತು. ಕಟ್ಟಡದ ಖರ್ಚು ಅವನದು. ಹೆಸರು, ಕಟ್ಟಡದ ನಕ್ಷೆ, ತಿನಿಸು, ನಿಯಮ ಇವೆಲ್ಲ ಜಾನ್ಸನ್ನನವು. ಹೆಸರು ಬಳಸುವುದಕ್ಕೆ ಒಂದಿಷ್ಟು ಹಣ, ಮೇಲಾಗಿ ಐಸ್‌ಕ್ರೀಂ ಮೊದಲಾದ ಸರಕನ್ನು ಜಾನ್ಸನ್ನನಿಂದಲೇ ಕೊಳ್ಳಬೇಕೆಂಬ ಕರಾರು. ಇಂದು ಫ್ರಾಂಚೈಸ್ ಎಂದು ಎಲ್ಲರ ಬಾಯಲ್ಲೂ ಇರುವ ಮಾತನ್ನು ಊಟದ ವ್ಯಾಪಾರದಲ್ಲಿ ನೆಲೆಗೊಳಿಸಿದ ಮೊದಲಿಗರಲ್ಲಿ ಇವನೊಬ್ಬ. 1930ರ ದಶಕ ಮುಗಿಯುವಷ್ಟರಲ್ಲಿ ಅಟ್ಲಾಂಟಿಕ್ ಕರಾವಳಿಯ ಹೆದ್ದಾರಿಗಳಲ್ಲಿ ನೂರಕ್ಕೂ ಹೆಚ್ಚು ಮನೆಗಳಿದ್ದವು. 1940ರಲ್ಲಿ ಪೆನ್ಸಿಲ್ವೇನಿಯಾದ ಸುಂಕದ ಹೆದ್ದಾರಿ ತೆರೆದಾಗ ಅಲ್ಲಿಯ ಊಟದ ಗುತ್ತಿಗೆಯೂ ಅವನಿಗೇ ದೊರೆಯಿತು.

ರುಚಿ ಎಲ್ಲೆಲ್ಲೂ ಒಂದೇ ಆಗಿರಬೇಕಾದರೆ ಅಡಿಗೆ ಒಂದೇ ಕಡೆ ಆಗಬೇಕಷ್ಟೆ. ದೊಡ್ಡ ಕೇಂದ್ರ ಪಾಕಶಾಲೆಗಳಲ್ಲಿ ಅರ್ಧ ಮುಗಿಸಿದ ಅಡಿಗೆ ಲಾರಿಗಳಲ್ಲಿ ಹೊರಟು ಊರೂರು ಸೇರುತ್ತಿತ್ತು. ಅಲ್ಲಿಯವರು ಬಿಸಿ ಮಾಡಿ, ಕರಿದು ಬಡಿಸಿದರಾಯಿತು. ನಮ್ಮ ಕರಾವಳಿಯವರ ಮರುವಾಯಿಗೆ ಸಂಬಂಧಿಯಾದ ಕ್ಲ್ಯಾಮ್ ಎಂಬ ಚಿಪ್ಪುಜೀವಿಯ ಕರಿದ ಎಳೆಗಳು, ಕಡಲನ್ನೇ ಕಾಣದ ಅಮೆರಿಕನರಿಗೂ ಪ್ರಿಯವಾದದ್ದು ಹೀಗೆ. ಇಂಥ ಅಡಿಗೆಯನ್ನು ಮೂಗು ಮುರಿದು ನೋಡುವವರುಂಟು. ಆದರೆ 1960ರ ಸುಮಾರಿಗೆ ನ್ಯೂಯಾರ್ಕಿನ ಹೆಸರಾಂತ 'ಲ ಪವಿಯೋಂ' ಫ್ರೆಂಚ್ ಭೋಜನಶಾಲೆಯನ್ನು ಬಿಟ್ಟು ಪಿಯೆರ್ ಫ್ರಾನೆ ಮತ್ತು ಜಾಕ್ ಪೆಪಾಂ ಎಂಬ ಬಾಣಸಿಗರು ಜಾನ್ಸನ್ನನಲ್ಲಿ ಕೆಲಸಕ್ಕೆ ಸೇರಿದರು. ಅಧ್ಯಕ್ಷ ಕೆನೆಡಿಯ ಶ್ವೇತಭವನದ ಅಡಿಗೆಮನೆಗೆ ಕರೆ ಬಂದಿದ್ದರೂ ಪೆಪಾಂ ಇದನ್ನೇ ಆರಿಸಿಕೊಂಡರು. ಮಾರ್ಗರೀನ್ ಹೋಗಿ ಬೆಣ್ಣೆ ಬಂತು, ಒಣಗಿಸಿದ ಈರುಳ್ಳಿಯ ಜಾಗಕ್ಕೆ ಹಸಿ ಈರುಳ್ಳಿ ಬಂತು.

ಎಲ್ಲರಿಗೂ ಒಂದೇ ರುಚಿ ಎಂದೆನಷ್ಟೆ. ಆ 'ಎಲ್ಲರಿಗೂ' ಎಂಬ ಮಾತನ್ನು ತಡೆದು ನೋಡಬೇಕು. 1957ರ ಅಕ್ಟೋಬರಿನಲ್ಲಿ, ಆಗ ತಾನೆ ಸ್ವತಂತ್ರವಾಗಿದ್ದ ಘಾನಾ ದೇಶದ ಹಣಕಾಸು ಸಚಿವರಾದ ಕೊಮ್ಲಾ ಅಗ್ಬೆಲಿ ಗ್ಬೆಡೆಮಾ ಅವರು ಡೆಲವೇರಿನ ಡೋವರ್ ಎಂಬಲ್ಲಿ ಕಿತ್ತಳೆ ಮಾಡಿನ ಕೆಳಗೆ ಕಿತ್ತಳೆ ರಸ ಕೇಳಿದರು. ಕೊಟ್ಟರು, ಆದರೆ ಕರಿಯರು ಒಳಗೆ ಕುಳಿತು ಕುಡಿಯುವಂತಿಲ್ಲ, ಹೊರಗೆ ಒಯ್ಯಬೇಕೆಂದರು. ಸಚಿವರು ತಮ್ಮ ಗುರುತು ಹೇಳಿದರೂ ಪ್ರಯೋಜನವಾಗಲಿಲ್ಲ. ರಸವನ್ನೂ ಚಿಲ್ಲರೆಯನ್ನೂ ಅಲ್ಲಿಯೇ ಬಿಟ್ಟು ಅವರು ಎದ್ದುಬಂದರು. ಅದೇ ವರ್ಷ ಘಾನಾಕ್ಕೆ ಬಂದಿದ್ದ ಅಮೆರಿಕದ ಉಪಾಧ್ಯಕ್ಷ ನಿಕ್ಸನ್ ತಮ್ಮ ಮನೆಯಲ್ಲಿ ಉಂಡಿದ್ದನ್ನು ಅವರು ಪತ್ರಿಕೆಯವರಿಗೆ ನೆನಪಿಸಿದರು. ಜಗತ್ತೆಲ್ಲ ಸುದ್ದಿಯಾಯಿತು. ಅಧ್ಯಕ್ಷ ಐಸೆನ್‌ಹೋವರ್ ಅವರನ್ನು ಶ್ವೇತಭವನಕ್ಕೆ ಉಪಾಹಾರಕ್ಕೆ ಕರೆದು ಸಮಾಧಾನಪಡಿಸಬೇಕಾಯಿತು. ಸಚಿವರಿಗೇನೋ ಶ್ವೇತಭವನವಿತ್ತು, ಆ ದೇಶದ ಕರಿಯ ಪ್ರಜೆಗೆ ಏನಿತ್ತು? ಬುತ್ತಿ ಕಟ್ಟಿಕೊಂಡು, ನಿಲ್ಲಬಹುದಾದ ಜಾಗಗಳ ಪಟ್ಟಿ ಕೈಯಲ್ಲಿ ಹಿಡಿದು ಪ್ರಯಾಣ ಹೊರಡುವುದು. ಉತ್ತರ ಕೆರೊಲಿನಾದ ಡರ್ಹಮ್ ಊರಿನಲ್ಲಿ 1962ರಲ್ಲೂ 1963ರಲ್ಲೂ ಸಾವಿರಾರು ಜನ ಇದೇ ಹೆಸರಿನ ಊಟದ ಮನೆಯ ಮುಂದೆ ನೆರೆದರು. ನೂರಾರು ಮಂದಿ ಸೆರೆಯಾದರು. 1964ರ ನಾಗರಿಕ ಹಕ್ಕುಗಳ ಶಾಸನ ಬಂದ ಮೇಲೆಯೇ ಬಾಗಿಲು ಕಾನೂನಿನ ಪ್ರಕಾರ ಎಲ್ಲರಿಗೂ ತೆರೆಯಿತು.

ವ್ಯಾಪಾರವನ್ನು ಜಾನ್ಸನ್ 1959ರಲ್ಲಿ ಮಗನ ಕೈಗೆ ಒಪ್ಪಿಸಿದ್ದ. 1961ರಲ್ಲಿ ಸಂಸ್ಥೆಯ ಷೇರುಗಳು ಪೇಟೆಗೆ ಬಂದಾಗ ಆರು ನೂರಕ್ಕೂ ಹೆಚ್ಚು ಊಟದ ಮನೆಗಳಿದ್ದವು, ಜೊತೆಗೆ 1954ರಲ್ಲಿ ಜಾರ್ಜಿಯಾದ ಸವನ್ನಾದಿಂದ ಆರಂಭವಾದ ವಸತಿಗೃಹಗಳೂ ಇದ್ದವು. ತಂದೆ ತಟ್ಟೆಯನ್ನು ನೋಡುತ್ತಿದ್ದ, ಮಗ ಲೆಕ್ಕದ ಪುಸ್ತಕವನ್ನು ನೋಡಿದ. ಖರ್ಚು ತಗ್ಗಿಸುವುದೇ ಗುರಿಯಾಯಿತು. ಕೆಲಸಗಾರರು ಕಡಿಮೆಯಾದರು, ಕಟ್ಟಡಗಳು ಮಾಸಿದವು. ಮೆಕ್‌ಡೊನಾಲ್ಡ್ಸ್‌ನಂಥವರು ಕೆಲವೇ ನಿಮಿಷಗಳಲ್ಲಿ, ಕಡಿಮೆ ಬೆಲೆಗೆ ತಿನ್ನಲು ಕೊಡತೊಡಗಿದ್ದರು. ಹಳೆಯ ಜಾನ್ಸನ್ 1972ರಲ್ಲಿ ತೀರಿಕೊಂಡ. 1973ರಲ್ಲಿ ಅರಬ್ ದೇಶಗಳು ತೈಲ ತಡೆದಾಗ ಮೋಟಾರುಗಳು ಮನೆಯಲ್ಲೇ ನಿಂತವು. ಹೆದ್ದಾರಿಯನ್ನೇ ನಂಬಿದ್ದ ವ್ಯಾಪಾರಕ್ಕೆ ಅದು ಮರ್ಮಾಘಾತ.

1979ರಲ್ಲಿ ಮಗ ಬ್ರಿಟನ್ನಿನ ಇಂಪೀರಿಯಲ್ ಕಂಪೆನಿಗೆ 63 ಕೋಟಿ ಡಾಲರಿಗೆ ಎಲ್ಲವನ್ನೂ ಮಾರಲು ಒಪ್ಪಿದ. ಅವರಿಗೂ ಅದು ದಕ್ಕಲಿಲ್ಲ. 1985ರಲ್ಲಿ ಮ್ಯಾರಿಯಟ್ ಕಂಪೆನಿ ಕೊಂಡು, ವಸತಿಗೃಹಗಳನ್ನು ಬೇರೆಯವರಿಗೆ ದಾಟಿಸಿ, ಊಟದ ಮನೆಗಳ ಜಾಗಗಳನ್ನು ಬೇರೆ ಹೆಸರುಗಳಿಗೆ ತಿರುಗಿಸಿತು. ಹೆಸರನ್ನು ಬಾಡಿಗೆಗೆ ಪಡೆದಿದ್ದ ಕೆಲವರು ಮಾತ್ರ ಒಟ್ಟುಗೂಡಿ ತಮ್ಮ ಒಲೆಗಳನ್ನು ಆರಿಸದೆ ಹಲವು ವರ್ಷ ಉಳಿಸಿಕೊಂಡರು. ನ್ಯೂಯಾರ್ಕಿನ ಟೈಮ್ಸ್ ಚೌಕದ ಮನೆ 2005ರಲ್ಲಿ, ಮೇಯ್ನ್ ಸಂಸ್ಥಾನದ ಬ್ಯಾಂಗರಿನದು 2016ರಲ್ಲಿ ಮುಚ್ಚಿದವು. ಕೊನೆಯದು ನ್ಯೂಯಾರ್ಕ್ ಸಂಸ್ಥಾನದ ಲೇಕ್ ಜಾರ್ಜಿನಲ್ಲಿತ್ತು. 2022ರಲ್ಲಿ ಅದೂ ಬಾಗಿಲು ಹಾಕಿತು. ವಸತಿಗೃಹಗಳ ಮೇಲೆ ಆ ಹೆಸರು ಇನ್ನೂ ಇದೆ.